ನಾನು ಸತ್ತ ದಿನ ನೀನು ಸ್ವತಂತ್ರ

ಹಮಾ ಪಟ್ಟಣ
ರಜಬ್ ತಿಂಗಳು, ಮೂರನೇ ದಿನ

ಅಲ್ಲಾಹನ ಹೆಸರು ಮೊದಲು, ಆಮೇಲೆ ನಿನ್ನದು.

ಮಗನೇ ಐದೋಗ್ದಿ,

ನಿನ್ನ ಕಾಗದ ಬಂತು, ಅದರ ಜೊತೆ ಉಣ್ಣೆಯ ಶಾಲೂ ಬಂತು. ಅಕ್ಷರ ಮಾತ್ರ ನಿನ್ನದಲ್ಲ. ಯಾರೋ ಕರಣಿಕರು ಬರೆದಿದ್ದಾರೆ, ಸಾಲುಗಳು ದಾರ ಹಿಡಿದಷ್ಟು ನೇರ. ನೀನು ಬರೆದರೆ ಸಾಲಿನ ಕೊನೆ ಯಾವಾಗಲೂ ಕೆಳಗೆ ಜಾರುತ್ತಿತ್ತು. ನನ್ನಪ್ಪ ಹಳ್ಳಿ ಮಕ್ಕಳಿಗೆ ಕುರಾನ್ ಕಲಿಸುವಾಗ ಹಿಂದೆ ಕೂತು ನಾನು ಕಲಿತ ನಾಲ್ಕಕ್ಷರ ನಿನಗೆ ಕಲಿಸಿದ್ದೆ. ಈಗ ನೀನು ಕೈರೋದ ಕೋಟೆಯಲ್ಲಿ ದೊಡ್ಡ ಅಮೀರ, ಸೈನ್ಯದ ಸರದಾರ. ನಿನಗೆ ಕರಣಿಕರಿರುತ್ತಾರೆ, ಇರಲಿ.

ನಿನಗೆ ವಿಪರೀತ ಜ್ವರ ಬಂದ ವರ್ಷ ನಾನು ಏನು ಹೇಳಿದ್ದೆ, ಆಗ ಯಾರಿದ್ದರು ಎಂದು ಕೇಳಿದ್ದೀಯ. ಅದನ್ನು ನೀನು ನೆನಪಿಟ್ಟುಕೊಂಡಿದ್ದೀಯಲ್ಲ ಎಂದು ನನಗೆ ಕಣ್ಣೀರೇ ಬಂತು. ಸ್ನಾನದ ಮನೆಯಲ್ಲಿ ಬಿಸಿನೀರು ಹೊಯ್ಯುವ ಹಲೀಮಾ ನಿನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಮಸೀದಿಯ ದೀಪ ಹಚ್ಚುವ ಅಬೂ ನಸ್ರ್ ನಿನ್ನ ಅಂಗಾಲಿಗೆ ತಿಕ್ಕಲು ಆಲಿವ್ ಎಣ್ಣೆ ತಂದಿದ್ದ.

"ಸುಮ್ನೆ ಅತ್ರೆ ಜ್ವರ ಇಳಿಯಲ್ಲ ಕಣೇ ಶುಹ್ದಾ, ಏನಾದ್ರೂ ಹೇಳ್ಕೋ ದೇವರ ಹತ್ರ" ಎಂದಳು ಹಲೀಮಾ.

ನಾನು ನಿನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದೆ: ಯಾ ಅಲ್ಲಾಹ್, ಈ ಮಗು ಬದುಕಲಿ, ನಾನು ಸತ್ತ ದಿನ ಇವನು ಸ್ವತಂತ್ರ.

"ಸಾಯೋವರೆಗೂ ಯಾಕಮ್ಮಾ? ಈಗ್ಲೇ ಬಿಟ್ಬಿಡು, ಪುಣ್ಯ ಬೇಗ ಬರತ್ತೆ" ಎಂದ ಅಬೂ ನಸ್ರ್.

"ಬಿಟ್ರೆ ಹಾರಿಹೋಗ್ತಾನೆ. ಇವನು ಹುಲ್ಲುಗಾವಲಿನ ಕಡೆಯೋನು, ಕುದುರೆ ಜಾತಿ" ಎಂದಳು ಹಲೀಮಾ. ನಾನೂ ತಲೆಯಾಡಿಸಿದೆ. ಈ ಊರಿನಲ್ಲಿ ಪ್ರೀತಿಯ ಗುಲಾಮರಿಗೆ ಎಲ್ಲರೂ ಹಾಗೇ ಹೇಳುವುದು. ಬದುಕಿರುವಷ್ಟು ದಿನ ಜೊತೆಗಿರಲಿ ಎಂದು.

ನಿನ್ನನ್ನು ಕೊಂಡದ್ದು ಮದುವೆಯಲ್ಲಿ ನನಗೆ ಬಂದ ಮೆಹರಿನ ಚಿನ್ನದಿಂದ. ನೀನು ನನ್ನವನು, ನನ್ನ ಗಂಡನವನಲ್ಲ. ಆದರೂ ಅಪ್ಪ ತೀರಿಕೊಂಡರೆಂದು ನಾನು ಹಳ್ಳಿಗೆ ಹೋಗಿ ಬರುವಷ್ಟರಲ್ಲಿ ನಿನ್ನ ಹಾಸಿಗೆ ಸುತ್ತಿಟ್ಟಿತ್ತು. ನಿನ್ನನ್ನು ಮಾರಿಬಿಟ್ಟಿದ್ದ ನನ್ನ ಗಂಡ ಬರಕಾತ್ ಜೀನಿಗೆ ಮೊಳೆ ಹೊಡೆಯುತ್ತಾ ತಲೆಯೆತ್ತಲಿಲ್ಲ. "ಕೈರೋದಲ್ಲಿ ಅಮೀರನ ಮನೆಗೆ ಹೋದ. ಒಳ್ಳೇದಾಗತ್ತೆ ಬಿಡು" ಎಂದರು. ಸತ್ತವರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಈಗಲೂ ಬಾಗಿಲ ಕಡೆ ಮುಖ ಮಾಡಿಯೇ ಮಲಗುತ್ತೀಯಾ? ಬಂದ ಹೊಸತರಲ್ಲಿ ಹಾಗೇ ಮಲಗುತ್ತಿದ್ದೆ. ನಿನ್ನನ್ನು ಹೊತ್ತೊಯ್ಯಲು ನಿನ್ನ ಗುಡಾರಕ್ಕೆ ನುಗ್ಗಿದವರು ಬಾಗಿಲಿನಿಂದ ಬಂದಿದ್ದರಂತೆ. "ಗೋಡೆ ಕಡೆ ತಿರುಗಿ ಮಲಗು, ಬಾಗಿಲಲ್ಲಿ ನಾನಿದೀನಿ" ಎಂದು ಎಷ್ಟು ದಿನ ಹೇಳಿದೆನೋ.

ನಿನ್ನ ತಾಯಿ,
ಶುಹ್ದಾ


ಕೈರೋ ಕೋಟೆ
ಶಾಬಾನ್ ತಿಂಗಳ ಮೊದಲ ದಿನ

ಅಮ್ಮ,

ಇದು ನನ್ನದೇ ಅಕ್ಷರ. ಸಾಲು ಜಾರಿದೆ, ನೋಡು. ಓದಿದ ಮೇಲೆ ಒಲೆಗೆ ಹಾಕು.

ಮೊದಲಿನ ಕಾಗದವನ್ನು ನಾನು ಬರೆಸಿರಲಿಲ್ಲ. ಬಕ್ತೂತ್ ಬರೆಸಿದ. ಅವನೂ ನಾನೂ ಒಬ್ಬನೇ ಯಜಮಾನ ಕೊಂಡ ಹುಡುಗರು, ಒಂದೇ ಕೋಣೆಯಲ್ಲಿ ಬೆಳೆದವರು. ನಮ್ಮಲ್ಲಿ ಇದು ಒಡಹುಟ್ಟಿಗಿಂತ ದೊಡ್ಡದು. ನಿನ್ನ ಮಾತಿನ ವಿಷಯ ಎಂದೋ ಸಲಿಗೆಯಲ್ಲಿ ಅವನಿಗೆ ಹೇಳಿದ್ದೆ.

ನಮ್ಮನ್ನು ಕೊಂಡ ಅಮೀರರು ಆಮೇಲೆ ಸುಲ್ತಾನರಾದರು, ಚಳಿಗಾಲದಲ್ಲಿ ತೀರಿಕೊಂಡರು. ಗಂಡುಮಕ್ಕಳಿಲ್ಲ. ನಾನು ಅವರ ಅಳಿಯ, ಸೈನ್ಯ ನನ್ನ ಕೈಯಲ್ಲಿದೆ. ಉಳಿದ ಅಮೀರರು ನನ್ನನ್ನೇ ಸಿಂಹಾಸನದಲ್ಲಿ ಕೂರಿಸಬೇಕೆಂದಿದ್ದಾರೆ. ಆದರೆ ಇಲ್ಲಿನ ದೊಡ್ಡ ಖಾಜಿ ಒಂದು ಮಾತು ಹಿಡಿದು ಕೂತಿದ್ದಾರೆ: ಗುಲಾಮ ಆಳುವಂತಿಲ್ಲ, ಬಿಡುಗಡೆಯಾದವನು ಆಳಬಹುದು, ಯಾರು ಬಿಡುಗಡೆ ಮಾಡಿದರೆಂದು ಹೇಳಿ. ಇಲ್ಲಿ ಎಲ್ಲರೂ ಗುಲಾಮರಾಗಿ ಬಂದು ಬಿಡುಗಡೆಯಾದವರೇ. ಸುಲ್ತಾನರು ನನಗೂ ಕತ್ತಿ ಕುದುರೆ ಕೊಟ್ಟು ಬಿಡುಗಡೆಯ ಮಾತು ಹೇಳಿದ್ದರು. ಆದರೆ ಹಾಗೆ ಬಿಡುಗಡೆಯ ಮಾತು ಕೊಟ್ಟ ಗುಲಾಮನನ್ನು ಮಾರುವಂತಿಲ್ಲ; ನೀನು ಅಂದದ್ದು ನಿಜವಾದರೆ ನನ್ನನ್ನು ಮಾರಿದ್ದೇ ಸಲ್ಲದು. ಕೊಂಡವರು ಕೊಟ್ಟ ಬಿಡುಗಡೆಯೂ ಸಲ್ಲದು. ನಾನು ಇವತ್ತಿಗೂ ನಿನ್ನ ಗುಲಾಮ.

ನೀನು ಬರೆದ ಕಾಗದವನ್ನು ಬಕ್ತೂತ್ ನಮ್ಮ ಆಪ್ತರೆದುರು ಓದಿದ. "ಅಯ್ಯೋ, ಇಷ್ಟೇನಾ! ನಿನ್ನ ಮುದುಕಿ ಸತ್ರೆ ಸಾಕು, ನೀನು ಸ್ವತಂತ್ರ ಕಣೋ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಮ್ಮ, ನಿಮ್ಮ ಊರಿನ ಖಾಜಿಯ ಮುಂದೆ ಎರಡು ಮಾತು ಹೇಳು. ಜ್ವರದ ದಿನ ನಾನು ಏನೂ ಹೇಳಿರಲಿಲ್ಲ. ಮಾರುವುದಕ್ಕೆ ನನ್ನ ಒಪ್ಪಿಗೆಯಿತ್ತು. ಬೇಗ ಹೇಳು.

ಐದೋಗ್ದಿ


ಹಮಾ
ಶಾಬಾನ್, ಹದಿನೆಂಟನೇ ದಿನ

ಐದೋಗ್ದಿ,

ಅಬೂ ನಸ್ರ್ ಸತ್ತ. ಹೊಳೆಯ ದೊಡ್ಡ ನೀರುಚಕ್ರದ ಕೆಳಗೆ ಸಿಕ್ಕಿದ. ಚಕ್ರ ನಿಂತದ್ದರಿಂದ ಊರಿಗೆ ಗೊತ್ತಾಯಿತು. ಹಗಲೂ ಇರುಳೂ ನರಳುವ ಚಕ್ರ ಬೆಳಗಿನ ನಮಾಝಿಗೆ ಸದ್ದಿಲ್ಲದೆ ನಿಂತಿತ್ತು.

ಕಾಲು ಜಾರಿತು ಎನ್ನುತ್ತಾರೆ. ಮಸೀದಿಗೆ ಬಂದ ದಿನದಿಂದ ಅವನು ಆ ಮೆಟ್ಟಿಲು ಇಳಿದು ದೀಪದ ಗಾಜು ತೊಳೆಯುತ್ತಿದ್ದ. ಕಣ್ಣು ಮುಚ್ಚಿದರೂ ಅವನಿಗೆ ಆ ಕಲ್ಲು ಗೊತ್ತು. ಹಿಂದಿನ ದಿನ ಹೊರ ಊರಿನ ಇಬ್ಬರು ಕುದುರೆಯವರು ದೀಪ ಹಚ್ಚುವವನು ಯಾರೆಂದು ವಿಚಾರಿಸುತ್ತಿದ್ದರಂತೆ.

ಅವನ ಹೆಸರು ಬರೆದುಕೊಟ್ಟವಳು ನಾನು.

ಹಲೀಮಾಳಿಗೆ ಹೇಳಿದೆ. ಅವಳು ತೊಳೆಯುತ್ತಿದ್ದ ತಂಬಿಗೆ ಕೆಳಗಿಟ್ಟಳು.

"ನನ್ ಹೆಸರೂ ಬರೆದ್ಯಾ?"

"ಬರೆದೆ."

"ತಪ್ಪಿಲ್ದೆ ಬರೆದಿದೀಯ ತಾನೇ? ನನ್ನ ಬದ್ಲು ಇನ್ಯಾವಳೋ ಪಾಪದ ಹಲೀಮಾನ ಹುಡ್ಕೊಂಡು ಹೋದಾರು" ಎಂದು ನಗಲು ನೋಡಿದಳು. ಆಗಲಿಲ್ಲ. ಮಧ್ಯಾಹ್ನವೇ ಹಿಮ್ಸ್‌ನ ಮಗಳ ಮನೆಗೆ ಹೊರಟುಹೋದಳು. ಹೋಗುವಾಗ ನನ್ನ ಗಲ್ಲ ಹಿಡಿದು "ನೀನೂ ಬಾರೆ, ಈ ಮನೇಲಿ ಏನಿದೆ ಅಂತ ಕಾಯ್ತೀಯ?" ಎಂದಳು. ನಿನ್ನ ಉತ್ತರ ಬರುವುದಿದೆ ಎಂದೆ.

ಕೇಳುತ್ತೇನೆ, ಉತ್ತರ ಕೊಡು. ಅಬೂ ನಸ್ರ್‌ನದು ಯಾರ ಕೆಲಸ?

ಇನ್ನು ನೀನು ಕೇಳಿದ್ದು. ಖಾಜಿಯ ಮುಂದೆ ಕೂತರೆ ಕುರಾನ್ ಮುಟ್ಟಿಸುತ್ತಾರೆ. ಮುಟ್ಟಿ ಸುಳ್ಳು ಹೇಳು ಎನ್ನುತ್ತೀಯ. ನಿನಗೋಸ್ಕರ ಹಸಿದಿದ್ದೇನೆ, ನಿನ್ನನ್ನು ಕಳೆದುಕೊಂಡು ಹುಚ್ಚಿಯಂತೆ ಬೀದಿಯಲ್ಲಿ ನಿಂತಿದ್ದೇನೆ. ಇದು ಮಾತ್ರ ಆಗದು. ನನಗೆ ನಿಮ್ಮ ಕತ್ತಿಗಳ ಹೆದರಿಕೆ ತುಂಬ ಇದೆ. ಆದರೆ ಅಲ್ಲಾಹನ ಮುಂದೆ ನಿಲ್ಲುವ ಹೆದರಿಕೆ ಅದಕ್ಕಿಂತ ಹೆಚ್ಚು.

ಬೇಕಾದರೆ ಇವತ್ತೇ ಇಬ್ಬರು ಸಾಕ್ಷಿಗಳನ್ನು ಕರೆದು ನಿನ್ನನ್ನು ಬಿಡುಗಡೆ ಮಾಡುತ್ತೇನೆ. ಅದು ನಿಜ, ಅದನ್ನು ಸಂತೋಷದಿಂದ ಹೇಳುತ್ತೇನೆ. ಬರೆ.

ಶುಹ್ದಾ


ಕೈರೋ
ರಮಝಾನ್, ಐದನೇ ದಿನ

ಗೌರವಾನ್ವಿತ ತಾಯಿ ಶುಹ್ದಾ ಅವರಿಗೆ, ಅಮೀರ ಬಕ್ತೂತ್‌ನ ಸಲಾಂ.

ಐದೋಗ್ದಿಯ ತಾಯಿ ನನಗೂ ತಾಯಿ. ನಿಮ್ಮ ಕಾಗದ ಅವನ ಕೈಗೆ ಹೋಗುವ ಮೊದಲು ನನ್ನ ಕೈಗೆ ಬಂತು. ಅವನಿಗೆ ಈಗ ನೂರು ಚಿಂತೆ, ಇದೊಂದು ಬೇಡವೆಂದು ನಾನೇ ಉತ್ತರ ಬರೆಯುತ್ತಿದ್ದೇನೆ.

ಈಗ ಬಿಡುಗಡೆ ಮಾಡುತ್ತೇನೆ ಎಂದಿದ್ದೀರಿ. ತಾವು ಹಳ್ಳಿಯವರು, ಒಳ್ಳೆಯವರು, ಇದು ತಿಳಿಯದು. ಇಂದು ಬಿಡುಗಡೆಯಾದರೆ ನಿನ್ನೆಯವರೆಗೆ ಗುಲಾಮನಾಗಿದ್ದ ಎಂದಾಗುತ್ತದೆ. ಗುಲಾಮನಾಗಿದ್ದರೆ ಯಜಮಾನತಿಯ ಒಪ್ಪಿಗೆಯಿಲ್ಲದೆ ಮಾಡಿಕೊಂಡ ಮದುವೆ ಏನಾಯಿತು? ಸುಲ್ತಾನರ ಮಗಳು ಯಾರ ಹೆಂಡತಿ? ಅವಳ ಇಬ್ಬರು ಗಂಡುಮಕ್ಕಳು ಯಾರು? ಆದ್ದರಿಂದ ಆ ಮಾತನ್ನು ಯಾರ ಎದುರೂ ಆಡಬೇಡಿ.

ತಾವು ಒಬ್ಬರೇ ಇರುವುದು ನನಗೆ ಸರಿ ಕಾಣಲಿಲ್ಲ. ನಿಮ್ಮ ಊರಿನ ಮೆಟ್ಟಿಲುಗಳು ಜಾರುತ್ತವೆ ಎಂದು ಕೇಳಿದೆ. ಕಾವಲಿಗೆ ನಾಲ್ವರನ್ನು ಕಳಿಸಿದ್ದೇನೆ. ಈದ್ ಮುಗಿದ ತಿಂಗಳಲ್ಲಿ ಐದೋಗ್ದಿ ಸಿಂಹಾಸನ ಏರುತ್ತಾನೆ. ಅಷ್ಟರಲ್ಲಿ ಎಲ್ಲವೂ ತಾನಾಗಿಯೇ ಸರಿಹೋಗುತ್ತದೆ ಎಂದು ನನ್ನ ನಂಬಿಕೆ.

ನಿಮ್ಮ ಆರೋಗ್ಯಕ್ಕಾಗಿ ಪ್ರಾರ್ಥಿಸುವ,
ಬಕ್ತೂತ್


ಹಮಾ
ರಮಝಾನ್, ಇಪ್ಪತ್ತೆರಡನೇ ದಿನ

ಮಗನೇ,

ಇದನ್ನು ಅಂಚೆಯವನ ಕೈಗೆ ಕೊಡುತ್ತಿಲ್ಲ. ಕೈರೋಗೆ ಹೊರಟ ಬಟ್ಟೆ ವ್ಯಾಪಾರಿಯೊಬ್ಬನ ಹೆಂಡತಿ ತನ್ನ ಹಿಟ್ಟಿನ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ನಿನ್ನ ಹೆಂಡತಿಯ ಮನೆಗೆ ಬಟ್ಟೆ ತೋರಿಸಲು ಹೋಗುತ್ತಾಳಂತೆ. ನಿನ್ನ ಕೈಗೇ ತಲುಪಲಿ.

ನಾಲ್ವರೂ ಎದುರು ಜಗಲಿಯಲ್ಲಿ ಕೂತಿದ್ದಾರೆ. ಅವರಲ್ಲಿ ಹಿರಿಯನಿಗೆ ಒಂದು ಕಣ್ಣಿನ ಮೇಲೆ ಗಾಯದ ಗುರುತಿದೆ. ಕೊಡ ಹಿಡಿದು ಹೊರಟೆ.

"ಎಲ್ಲಿಗೆ ಅಜ್ಜೀ?"

"ನಾನು ನಿಂಗೆ ಅಜ್ಜಿನಾ? ನಿನ್ನ ಗಡ್ಡ ನೋಡ್ಕೋ, ನನ್ನ ಕೂದ್ಲಿಗಿಂತ ಬೆಳ್ಳಗಿದೆ."

ಉಳಿದವರು ನಕ್ಕರು. ಅವನೂ ನಕ್ಕ. ನಗುತ್ತಲೇ ಕೊಡ ತೆಗೆದುಕೊಂಡ. "ನೀರು ನಾವು ತರ್ತೀವಿ. ಹೊಳೆ ಕಡೆ ನೀವು ಬರೋದು ಬೇಡ" ಎಂದ.

ಉಪವಾಸ ಬಿಡುವ ಹೊತ್ತಿಗೆ ನನಗೆ ಊಟ ಕಳಿಸುತ್ತಾರೆ, ಮಾಂಸ, ಜೇನಿನ ರೊಟ್ಟಿ. ನಾನು ನನ್ನ ಬೇಳೆಯ ಗಂಜಿಯನ್ನೇ ಕುಡಿಯುತ್ತೇನೆ. ಅವರು ತಂದ ನೀರನ್ನು ಅವರೆದುರೇ ಅವರಿಗೆ ಮೊದಲು ಬಗ್ಗಿಸಿಕೊಡುತ್ತೇನೆ, ಮರ್ಯಾದೆ ಮಾಡುವವಳ ಹಾಗೆ. ಹಿರಿಯನಿಗೆ ಅರ್ಥವಾಗಿದೆ. ಕುಡಿಯುತ್ತಾನೆ, ಲೋಟ ಬೋರಲು ಹಾಕಿ ತೋರಿಸುತ್ತಾನೆ. ಅವರು ಯಾವುದಕ್ಕೆ ಕಾಯುತ್ತಿದ್ದಾರೆ ಎಂದು ಗೊತ್ತಿದ್ದರೆ ಹೆದರಿಕೆಗೆ ಒಂದು ಆಕಾರವಾದರೂ ಇರುತ್ತಿತ್ತು. ರೊಟ್ಟಿ ತಟ್ಟುವಾಗ ಬೆನ್ನ ಹಿಂದೆ ನೆರಳು ಆಡಿದರೆ ಹಿಟ್ಟು ಕೈಯಿಂದ ಬೀಳುತ್ತದೆ. ಗೋಡೆಗೆ ಮುಖ ಮಾಡಿ ಮಲಗಲು ಆಗುತ್ತಿಲ್ಲ. ನೀನು ಚಿಕ್ಕವನಿದ್ದಾಗ ಬಾಗಿಲನ್ನೇ ಯಾಕೆ ನೋಡುತ್ತಿದ್ದೆ ಎಂದು ಈಗ ತಿಳಿಯಿತು.

ಮಧ್ಯಾಹ್ನ ಇಳಿದ ಮೇಲಿನ ಅಸರ್ ನಮಾಝಿಗೆ ಹೋದಾಗ ನಮ್ಮ ಖಾಜಿಯನ್ನು ಹೆಂಗಸರ ಪರದೆಯ ಆಚೆಯಿಂದ ಕೇಳಿದೆ. ನಿನ್ನ ಹೆಸರು ಹೇಳಲಿಲ್ಲ. ಅವರಿಗೆ ಗೊತ್ತಾಯಿತು, ಧ್ವನಿ ತಗ್ಗಿಸಿದರು.

"ಯಜಮಾನತಿಗೆ ಹೇಳ್ದೆ ಗುಲಾಮ ಮದುವೆ ಆಗಿದ್ರೆ ಆ ಮದುವೆ ಬಿದ್ದುಹೋಗಲ್ಲಮ್ಮ. ನೇತಾಡ್ತಾ ಇರತ್ತೆ. ಅವಳು ಹೂಂ ಅಂದ ದಿನ ಗಟ್ಟಿಯಾಗತ್ತೆ."

"ಎಷ್ಟು ವರ್ಷ ಆಗಿದ್ರೂ?"

"ಎಷ್ಟು ವರ್ಷ ಆಗಿದ್ರೂ. ಅವಳು ಬದುಕಿರಬೇಕು ಅಷ್ಟೆ."

ಬಕ್ತೂತ್‌ಗೆ ಇದು ಗೊತ್ತಿಲ್ಲ, ಐದೋಗ್ದಿ. ನಾನು ಸತ್ತರೆ ನೀನು ಸ್ವತಂತ್ರನಾಗುತ್ತೀಯ, ಸರಿ. ಆದರೆ ನಿನ್ನ ಮದುವೆಗೆ ಹೂಂ ಎನ್ನುವ ಬಾಯಿಯೂ ನನ್ನ ಜೊತೆ ಮಣ್ಣಿಗೆ ಹೋಗುತ್ತದೆ.

ನನ್ನ ಸಾವಿನಿಂದ ಎಲ್ಲಿಯವರೆಗೆ ನಿನಗೆ ಲಾಭ ಇದೆಯೋ ಅಲ್ಲಿಯವರೆಗೆ ನಾನು ಬದುಕುವುದಿಲ್ಲ. ಆ ಲಾಭವನ್ನು ನಾನೇ ತೆಗೆದುಹಾಕಬೇಕು. ಈದ್ ಕಳೆದ ಎರಡನೇ ಶುಕ್ರವಾರ ಮಸೀದಿಯಲ್ಲಿ ಎಲ್ಲರೆದುರು ಬಿಡುಗಡೆಯ ಮಾತು ಹೇಳುತ್ತೇನೆ, ಮದುವೆಗೂ ಹೂಂ ಎನ್ನುತ್ತೇನೆ. ಇದರಿಂದ ನಿನಗೆ ಅವಮಾನವಾಗಬಹುದು. ಸಿಂಹಾಸನ ತಪ್ಪಬಹುದು. ತಪ್ಪಿದವರನ್ನು ನಿಮ್ಮಲ್ಲಿ ಜೀವಸಹಿತ ಬಿಡುವುದಿಲ್ಲ ಎಂದೂ ಕೇಳಿದ್ದೇನೆ. ನನ್ನ ಜೀವ ಉಳಿಸಿಕೊಳ್ಳಲು ನಿನ್ನ ಜೀವ ತೆಗೆಯುತ್ತಿದ್ದೇನೋ ಏನೋ.

ಬೇಡ ಎನ್ನುವುದಾದರೆ ನಿನ್ನ ಕೈಯಿಂದಲೇ ಬರೆ. ಕಾಯುತ್ತೇನೆ. ಅಬೂ ನಸ್ರ್ ವಿಷಯವನ್ನೂ ಬರೆ.

ನಿನ್ನ ತಾಯಿ


ಹಮಾ
ಶವ್ವಾಲ್, ಹನ್ನೆರಡನೇ ದಿನ

ಐದೋಗ್ದಿ,

ನಿನ್ನಿಂದ ಏನೂ ಬರಲಿಲ್ಲ. ಕಾಗದ ತಲುಪಿಲ್ಲವೋ, ತಲುಪಿಯೂ ಸುಮ್ಮನಿದ್ದೀಯೋ ತಿಳಿಯದು. ನಿನ್ನೆ ಹೇಳಿಬಿಟ್ಟೆ.

ಶುಕ್ರವಾರದ ನಮಾಝಿಗೆ ಹೊರಟವಳನ್ನು ತಡೆಯಲು ಕಾವಲಿನವರಿಗೂ ಬಾಯಿ ಬರಲಿಲ್ಲ. ನಾಲ್ವರೂ ಹಿಂದೆಯೇ ಬಂದರು. ಹೊಳೆ ದಾಟುವ ಸೇತುವೆಯ ಮೇಲೆ ಹಿರಿಯ ನನ್ನ ಪಕ್ಕಕ್ಕೆ ಬಂದ, ನೀರಿನ ಕಡೆಗೆ. ಅಲ್ಲಿ ಜನ ಇರಲಿಲ್ಲ. ನನ್ನ ಕಾಲು ನಿಂತುಹೋಯಿತು. ಅವನು ನನ್ನನ್ನು ನೋಡಿದ. ನಾನು ಸಾಯುವವರು ಹೇಳುವ ಕಲಿಮಾ ಹೇಳಿಕೊಂಡೆ, ಗಟ್ಟಿಯಾಗಿಯೇ ಹೇಳಿಕೊಂಡೆನೇನೋ.

"ನಡೀರಮ್ಮ. ಇನ್ನೂ ಆಜ್ಞೆ ಬಂದಿಲ್ಲ" ಎಂದ.

ಹೀಗೇ ಹೇಳಿದ, ಮಗನೇ. ಬೇರೆ ಯಾವ ಮಾತಿಗೂ ನಾನು ಅಷ್ಟು ಹೆದರಿರಲಿಲ್ಲ.

ನಮಾಝ್ ಮುಗಿದು ಜನ ಏಳುವ ಮೊದಲು ಪರದೆಯ ಪಕ್ಕ ನಿಂತೆ. ಮೇಲೆ ಅಬೂ ನಸ್ರ್ ಹಚ್ಚುತ್ತಿದ್ದ ದೀಪಗಳು ಮಸಿ ಹಿಡಿದು ತೂಗುತ್ತಿದ್ದವು. ಅವನ್ನು ನೋಡುತ್ತಾ ಹೇಳಿದೆ: ಜೀನುಗಾರ ಬರಕಾತ್‌ನ ವಿಧವೆ ಶುಹ್ದಾ ನಾನು. ಕೈರೋದ ಅಮೀರ ಐದೋಗ್ದಿ ನನ್ನ ಮೆಹರಿನಿಂದ ಕೊಂಡ ಗುಲಾಮ. ಅವನನ್ನು ಮಾರಲು ನಾನು ಒಪ್ಪಿರಲಿಲ್ಲ. ಅವನು ಮಾಡಿಕೊಂಡ ಮದುವೆಗೆ ಈಗ ಒಪ್ಪಿದ್ದೇನೆ. ಅಲ್ಲಾಹನಿಗಾಗಿ ಈ ಗಳಿಗೆಯಿಂದ ಅವನು ಸ್ವತಂತ್ರ, ನಾನು ಬದುಕಿರಲಿ, ಸಾಯಲಿ.

ಖಾಜಿ "ಇನ್ನೊಂದ್ಸಲ ಹೇಳಮ್ಮಾ, ಎಲ್ರಿಗೂ ಕೇಳಿಸ್ಲಿ" ಎಂದರು. ಹೇಳಿದೆ.

ಹೊರಗೆ ಬಂದಾಗ ಹಿರಿಯ ಚಪ್ಪಲಿ ಕಾಯುವವನ ಹತ್ತಿರ ನಿಂತಿದ್ದ. "ಹಾಗಾದ್ರೆ ನಮಗಿನ್ನು ಇಲ್ಲೇನು ಕೆಲಸ?" ಎಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಸಂಜೆಯೊಳಗೆ ಜಗಲಿ ಖಾಲಿಯಾಯಿತು.

ನನ್ನ ಭಯ ಅವರ ಜೊತೆ ಹೋಗಲಿಲ್ಲ. ಅದೂ ನಿನ್ನ ಕಡೆಗೆ ಕೈರೋ ದಾರಿ ಹಿಡಿದಿದೆ. ಬದುಕಿದ್ದೀಯ ಎಂದು ಒಂದು ಸಾಲು ಬರೆ. ಅಬೂ ನಸ್ರ್ ವಿಷಯ ಇನ್ನೊಮ್ಮೆ ಕೇಳುತ್ತೇನೆ.

ಶುಹ್ದಾ


ಕೈರೋ ಕೋಟೆ
ಝುಲ್ ಕಅದ, ಒಂಬತ್ತನೇ ದಿನ

ಅಮ್ಮ,

ಬದುಕಿದ್ದೇನೆ. ಸಿಂಹಾಸನದಲ್ಲಿ ಕೂತಿದ್ದೇನೆ.

ಹಿಟ್ಟಿನ ಚೀಲದ ಕಾಗದ ನನಗೆ ಸಿಕ್ಕಿತ್ತು. ಉತ್ತರ ಬರೆಯಲು ಕೂತೆ. ಬೇಡ ಎಂದೂ ಬರೆಯಲಾಗಲಿಲ್ಲ, ಆಗಲಿ ಎಂದೂ ಬರೆಯಲಾಗಲಿಲ್ಲ.

ಹಮಾದ ಸುದ್ದಿ ಸಭೆಗೆ ಬಂದ ದಿನ ಒಬ್ಬ ಅಮೀರ ಎದ್ದು "ಹೋದ ಶುಕ್ರವಾರದವರೆಗೂ ಜೀನುಗಾರನ ವಿಧವೆಯ ಆಳು! ಇವನಿಗೆ ನಾವು ಬಗ್ಗಬೇಕಾ?" ಎಂದು ಕೂಗಿದ. ಕೆಲವರು ಕತ್ತಿಯ ಹಿಡಿಗೆ ಕೈ ಹಾಕಿದರು. ಆಗ ಎಲ್ಲರಿಗಿಂತ ಮುದುಕನಾದ ಅಮೀರ ಕೂತಲ್ಲಿಂದಲೇ ಹೇಳಿದ: "ಲೇ, ಕೂತ್ಕೊಳ್ಳೋ. ನಾವೆಲ್ಲ ಯಾವ್ದೋ ಗುಲಾಮರ ಸಂತೇಲಿ ಹಲ್ಲು ತೋರ್ಸಿ ಬಂದೋರೇ. ಇವನ ಬಿಡುಗಡೆಗೆ ಒಂದು ಊರೇ ಸಾಕ್ಷಿ ಇದೆ. ನಿನ್ನದಕ್ಕೆ ಯಾರಿದಾರೆ, ಹೇಳು ನೋಡೋಣ?" ಸಭೆ ನಕ್ಕಿತು. ದೊಡ್ಡ ಖಾಜಿ ಎದ್ದು ಬಂದು ನನ್ನ ಕೈ ಹಿಡಿದರು.

ಬಕ್ತೂತ್‌ನನ್ನೇ ನನ್ನ ಕೈಕೆಳಗಿನ ಮೊದಲಿಗನನ್ನಾಗಿ ಮಾಡಿದ್ದೇನೆ. ಮಾಡದಿದ್ದರೆ ನಾನು ಉಳಿಯುತ್ತಿರಲಿಲ್ಲ. ನಾನು ಕೂತಾಗ ನನ್ನ ಬೆನ್ನ ಹಿಂದೆ ಕತ್ತಿ ಹಿಡಿದು ನಿಲ್ಲುವವನು ಅವನೇ.

ಇಲ್ಲಿ ಪ್ರತಿಯೊಬ್ಬನೂ ತನ್ನನ್ನು ಬಿಡುಗಡೆ ಮಾಡಿದವರ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಳ್ಳುತ್ತಾನೆ. ನನ್ನ ಹೆಸರಲ್ಲಿ ಸುಲ್ತಾನರ ಹೆಸರಿತ್ತು. ಅದನ್ನು ತೆಗೆಸಿದ್ದೇನೆ. ಕೆಳಗೆ ನೋಡು.

ನಿಮ್ಮ ಮಸೀದಿಯ ದೀಪಗಳಿಗೆ ಇನ್ನು ಮುಂದೆ ಎಣ್ಣೆ ನನ್ನ ಖರ್ಚಿನಿಂದ ಬರುತ್ತದೆ, ನಾನು ಸತ್ತ ಮೇಲೂ ಬರುತ್ತದೆ, ಅಬೂ ನಸ್ರ್‌ನ ಹೆಸರಿನಲ್ಲಿ.

ನೀನು ಇಲ್ಲಿಗೆ ಬಂದು ನನ್ನ ಜೊತೆ ಇರು. ಗಾಡಿ ಕಳಿಸುತ್ತೇನೆ.

ಶುಹ್ದಾ ಬಿಡುಗಡೆ ಮಾಡಿದ
ಐದೋಗ್ದಿ


ಹಮಾ
ಝುಲ್ ಹಜ್ಜ್, ಎರಡನೇ ದಿನ

ಮಗನೇ,

ಕೆಳಗಿನ ಹೆಸರು ನೋಡಿದೆ. ಹಿಮ್ಸ್‌ನಿಂದ ವಾಪಸು ಬಂದ ಹಲೀಮಾಳಿಗೂ ಓದಿ ಹೇಳಿದೆ. "ಸುಲ್ತಾನನ ಹೆಸರಲ್ಲಿ ನೀನು! ಇನ್ಮೇಲೆ ನಿಂಗೆ ಬಿಸಿನೀರು ಪುಕ್ಕಟೆ ಹೊಯ್ಯಬೇಕೋ ಏನೋ" ಎಂದು ಅತ್ತಳು. ನಾನೂ ಅತ್ತೆ.

ಎಣ್ಣೆ ಬಂತು. ಹನ್ನೆರಡು ಜಾಡಿ ಮಸೀದಿಯ ಬಾಗಿಲಲ್ಲಿ ಸಾಲಾಗಿ ನಿಂತಿವೆ. ಅಬೂ ನಸ್ರ್‌ನ ವಿಷಯ ಮೂರು ಸಲ ಕೇಳಿದೆ. ನೀನು ಎಣ್ಣೆ ಕಳಿಸಿದೆ.

ಇನ್ನು ಕೇಳುವುದಿಲ್ಲ. ಕಾವಲಿನವನು ಆಜ್ಞೆ ಬಂದಿಲ್ಲ ಎಂದನಲ್ಲ, ಅದು ಯಾರ ಆಜ್ಞೆ ಎಂದೂ ಕೇಳುವುದಿಲ್ಲ. ಮನುಷ್ಯರಿಂದ ಬಿಡುಗಡೆ ಮಾಡುವ ಒಂದು ಮಾತು ನನ್ನ ಹತ್ತಿರ ಇತ್ತು, ಅದನ್ನು ಹೇಳಿಯಾಯಿತು. ಈ ಪಾಪದಿಂದ ಬಿಡಿಸುವ ಮಾತು ನನ್ನಲ್ಲಿಲ್ಲ. ಅದನ್ನು ನೀನು ಅಲ್ಲಾಹನನ್ನೇ ಕೇಳಿಕೊಳ್ಳಬೇಕು. ಐದು ಹೊತ್ತೂ ನಾನೂ ಕೇಳುತ್ತೇನೆ. ಮಸೀದಿಯ ದೀಪವನ್ನು ಈಗ ನಾನೇ ಹಚ್ಚುತ್ತಿದ್ದೇನೆ, ಊರವರು ಒಂದೊಂದು ಸೌಟು ತಂದು ಹಾಕುವ ಎಣ್ಣೆಯಿಂದ. ನಿನ್ನ ಜಾಡಿಗಳ ಮುಚ್ಚಳ ತೆಗೆದಿಲ್ಲ.

ಗಾಡಿ ಕಳಿಸಬೇಡ, ನಾನು ಬರುವುದಿಲ್ಲ. ನನಗೆ ನಿನ್ನ ಕೋಟೆಯ ಭಯ. ನಿನಗೂ ಇದೆ ಎಂದು ಗೊತ್ತು, ಸಾಲು ಈ ಸಲ ಎಂದಿಗಿಂತ ಕೆಳಗೆ ಜಾರಿದೆ. ಇಷ್ಟು ದಿನ ನನ್ನ ಸಾವಿಗೆ ಜನ ಕಾಯುತ್ತಿದ್ದರು. ಈಗ ನಿನ್ನದಕ್ಕೆ ಕಾಯುತ್ತಾರೆ. ನನ್ನ ಎದುರು ಜಗಲಿಯಲ್ಲಿ ಕಾಯುತ್ತಿದ್ದವರು ನನ್ನ ಕಣ್ಣಿಗೆ ಬೀಳುತ್ತಿದ್ದರು.

ಚಿಕ್ಕವನಿದ್ದಾಗ ಗೋಡೆ ಕಡೆ ತಿರುಗಿ ಮಲಗು ಎಂದಿದ್ದೆನಲ್ಲ, ಅದನ್ನು ಮರೆತುಬಿಡು. ಬಾಗಿಲಲ್ಲಿ ನಾನಿಲ್ಲ. ಬಾಗಿಲ ಕಡೆಯೇ ಮುಖ ಮಾಡಿ ಮಲಗು, ಕಂದಾ.

ನಿನ್ನ ತಾಯಿ,
ಶುಹ್ದಾ